ಕಥನದಲ್ಲಿ ಮಧ್ಯಯುಗ: ಕಲ್ಯಾಣ ಮತ್ತು ಬೀದರ

ಇಂದಿನ ಬೀದರ ಜಿಲ್ಲೆಯ ನೆಲ ಮಧ್ಯಯುಗದಲ್ಲಿ ಎರಡು ರಾಜಧಾನಿಗಳನ್ನು ಕಂಡಿದೆ. ಒಂದು ಕಲ್ಯಾಣ, ಈಗಿನ ಬಸವಕಲ್ಯಾಣ. 11ನೇ ಶತಮಾನದ ನಡುಭಾಗದಿಂದ ಚಾಲುಕ್ಯರು, 12ನೇ ಶತಮಾನದ ಉತ್ತರಾರ್ಧದಲ್ಲಿ ಕಲಚುರಿ ಬಿಜ್ಜಳ ಇಲ್ಲಿಂದ ಆಳಿದರು. ಇನ್ನೊಂದು ಬೀದರ. ಬಹಮನಿ ಸುಲ್ತಾನ ಅಹ್ಮದ್ ಶಾಹ 15ನೇ ಶತಮಾನದ ಮೂರನೆಯ ದಶಕದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಬಹಮನಿ ಮನೆತನದ ನಂತರ ಬರೀದ್ ಶಾಹಿಗಳು 1619ರವರೆಗೆ ಇಲ್ಲಿದ್ದರು. ಈ ಎರಡು ಪಟ್ಟಣಗಳ ನಡುವೆ, ಸುತ್ತಲಿನ ಭಾಲ್ಕಿ, ಔರಾದ, ಹುಮನಾಬಾದಗಳಲ್ಲಿ ಬದುಕಿದ ಸಮಾಜವನ್ನು ಪುರಾಣಕಾರರು, ಕಾದಂಬರಿಕಾರರು, ನಾಟಕಕಾರರು, ಸಿನಿಮಾದವರು, ಕೀರ್ತನಕಾರರು ಎಂಟು ಶತಮಾನಗಳಿಂದ ಕಥೆಯಾಗಿ ಹೇಳುತ್ತ ಬಂದಿದ್ದಾರೆ. ಅವರು ಆ ಸಮಾಜದ ಯಾವ ಮೌಲ್ಯಗಳನ್ನು ಎತ್ತಿಹಿಡಿದರು, ಯಾವುದನ್ನು ಪ್ರಶ್ನಿಸಿದರು, ಯಾವುದರ ಬಗ್ಗೆ ಸುಮ್ಮನಿದ್ದರು ಎಂಬುದು ಈ ಲೇಖನದ ವಿಷಯ.

ಕನ್ನಡದಲ್ಲಿ ಕಲ್ಯಾಣದ ಕಥನ ಸಮೃದ್ಧವಾಗಿದೆ, ಬೀದರಿನದು ಬಡವಾಗಿದೆ. ಎರಡೂ ಒಂದೇ ಜಿಲ್ಲೆಯ ಊರುಗಳು, ಎರಡೂ ನಮ್ಮವೇ. ಆದರೂ ಈ ಅಂತರ ಹೇಗೆ ಉಂಟಾಯಿತು ಎಂಬುದನ್ನು ಅರಿಯದೆ ಈ ಸಾಹಿತ್ಯದ ಸಮೀಕ್ಷೆ ಪೂರ್ಣವಾಗದು.

ಆಸ್ಥಾನದಿಂದ ಪುರಾಣಕ್ಕೆ

ಕಲ್ಯಾಣದ ಸಮಾಜವನ್ನು ಮೊದಲು ಕಾವ್ಯಕ್ಕೆ ತಂದವರಲ್ಲಿ ಕಾಶ್ಮೀರದಿಂದ ಬಂದ ಬಿಲ್ಹಣ ಮುಖ್ಯ. ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಆಸ್ಥಾನದಲ್ಲಿದ್ದು ಅವನು ಸಂಸ್ಕೃತದಲ್ಲಿ ‘ವಿಕ್ರಮಾಂಕದೇವಚರಿತ’ ಬರೆದ. ಅಣ್ಣನನ್ನು ಕೆಳಗಿಳಿಸಿ ಪಟ್ಟವೇರಿದ ತಮ್ಮನ ಕಥೆಯನ್ನು ಧರ್ಮದ ಕಥೆಯಾಗಿ ನಿರೂಪಿಸುವುದು ಅವನ ಹೊಣೆಯಾಗಿತ್ತು. ಅದಕ್ಕಾಗಿ ಶಿವನೇ ವಿಕ್ರಮನಿಗೆ ರಾಜ್ಯ ವಹಿಸಿಕೊಳ್ಳಲು ಆದೇಶಿಸಿದ ಎಂದು ಬರೆದ. ಹಿರಿಯನಿರುವಾಗ ಕಿರಿಯ ಪಟ್ಟವೇರಬಾರದು ಎಂಬ ಮೌಲ್ಯ ಆ ಕಾಲದಲ್ಲಿ ಎಷ್ಟು ಬಲವಾಗಿತ್ತೆಂದರೆ, ಅದನ್ನು ಮುರಿಯಲು ದೇವರ ಅಪ್ಪಣೆಯೇ ಬೇಕಾಯಿತು. ಈ ಕಾವ್ಯದಲ್ಲಿ ಅರಮನೆಯಿದೆ, ಯುದ್ಧವಿದೆ, ವಸಂತವಿದೆ. ಕಲ್ಯಾಣದ ಸಮಗಾರ, ಅಗಸ, ಅಂಬಿಗರಿಲ್ಲ.

ಅವರು ಕಥೆಯೊಳಗೆ ಬಂದದ್ದು ಬಿಜ್ಜಳನ ಭಂಡಾರಿ ಬಸವಣ್ಣ ಮುಂದೆ ನಿಂತು ನಡೆಸಿದ, ಜಾತಿಯನ್ನು ಪ್ರಶ್ನಿಸಿದ ಶರಣರ ಚಳವಳಿಯ ನಂತರ. ಹರಿಹರನ ರಗಳೆಗಳು ಕನ್ನಡ ಕಥನಕ್ಕೆ ಹೊಸ ಜನರನ್ನು ತಂದವು. ‘ಬಸವರಾಜದೇವರ ರಗಳೆ’ ನಮಗೆ ಪೂರ್ಣವಾಗಿ ದೊರೆತಿಲ್ಲ. ದೊರೆತಷ್ಟರಲ್ಲೇ ಜನಿವಾರ ಬಿಟ್ಟು ಹೊರಟ ಹುಡುಗ, ಭಂಡಾರದ ಲೆಕ್ಕದಲ್ಲಿ ಅನುಮಾನಕ್ಕೆ ಗುರಿಯಾದ ಅಧಿಕಾರಿ, ಮನೆತುಂಬ ಜಂಗಮರಿಗೆ ಉಣಬಡಿಸುವ ಭಕ್ತ ಎಲ್ಲರೂ ಕಣ್ಣಿಗೆ ಕಟ್ಟುತ್ತಾರೆ. ಅನಂತರ ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ ಬಸವಪುರಾಣ, ಅದನ್ನು ಆಧರಿಸಿ 1369ರಲ್ಲಿ ಭೀಮಕವಿಯ ಕನ್ನಡ ಬಸವಪುರಾಣ, 1584ರಲ್ಲಿ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಬಂದವು. ಎದುರು ದಿಕ್ಕಿನಿಂದ ಜೈನರ ‘ಬಿಜ್ಜಳರಾಯ ಚರಿತೆ’ ಬಂತು. ಅದರಲ್ಲಿ ಬಿಜ್ಜಳನೇ ಅನ್ಯಾಯಕ್ಕೊಳಗಾದವನು. ಒಬ್ಬ ದೊರೆಯ ಸಾವಿಗೆ ಎರಡು ಸಮುದಾಯಗಳು ಎರಡು ಕಥೆ ಕಟ್ಟಿಕೊಂಡವು.

ಬಿಜ್ಜಳನ ಕಾಲದ ಶಾಸನಗಳು ಹಲವಿದ್ದರೂ ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸ ಎಂಬ ಶರಣರ ಮಕ್ಕಳ ಮದುವೆ, ಅದಕ್ಕೆ ಕೊಟ್ಟ ಎಳೆಹೂಟೆಯ (ಆನೆಯ ಕಾಲಿಗೆ ಕಟ್ಟಿ ಎಳೆಸುವ) ಶಿಕ್ಷೆ, ಆನಂತರದ ರಕ್ತಪಾತಗಳ ಸುದ್ದಿ ಅವುಗಳಲ್ಲಿಲ್ಲ. ಬಸವಣ್ಣನ ಮನೆತನವನ್ನು ಹೆಸರಿಸುವ ಅರ್ಜುನವಾಡದ ಶಾಸನ 1260ರದು, ಘಟನೆಗಳು ನಡೆದು ಸುಮಾರು ನೂರು ವರ್ಷದ ನಂತರದ್ದು. ಮದುವೆಯ ಪ್ರಸಂಗಕ್ಕೆ ಇಂದು ನಾವು ಕೇಳುವ ವಿಸ್ತಾರ ಕೊಟ್ಟವು ನಂತರದ ಪುರಾಣಗಳು. ಆಧುನಿಕ ಕಾದಂಬರಿಯೂ ನಾಟಕವೂ ನಿಂತಿರುವುದು ಈ ಪುರಾಣಗಳ ಮೇಲೆ ಮತ್ತು ವಚನಗಳ ಮೇಲೆ. ಹಾಗಾಗಿ ಕಲ್ಯಾಣದ ವಿಷಯದಲ್ಲಿ ಚರಿತ್ರೆ ಒಂದು ಕಡೆ, ಕಲ್ಪನೆ ಇನ್ನೊಂದು ಕಡೆ ಎಂದು ಗೆರೆ ಎಳೆದು ಓದಲು ಹೊರಟವರು ಬೇಗ ಸೋಲುತ್ತಾರೆ.

ಹರಳಯ್ಯನ ಪಾದರಕ್ಷೆ

ಈ ಭಾಗದ ಜನರ ಬಾಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದ ಕಥೆ ಹರಳಯ್ಯನದು. ದಾರಿಯಲ್ಲಿ ಎದುರಾದ ಬಸವಣ್ಣನಿಗೆ ಸಮಗಾರ ಹರಳಯ್ಯ ‘ಶರಣು’ ಎಂದ. ಬಸವಣ್ಣ ‘ಶರಣು ಶರಣಾರ್ಥಿ’ ಎಂದ. ತಾನು ಒಂದು ಶರಣು ಕೊಟ್ಟರೆ ತನಗೆ ಎರಡು ಬಂತು, ಒಂದರ ಋಣ ಉಳಿಯಿತು ಎಂದು ಹರಳಯ್ಯ ನೊಂದ. ಗಂಡ–ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು, ಹದ ಮಾಡಿ, ಬಸವಣ್ಣನಿಗೆ ಪಾದರಕ್ಷೆ ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಾರದೆ ತಲೆಯ ಮೇಲಿಟ್ಟುಕೊಂಡ. ಮೆಟ್ಟಿ ನೋಡಿದ ಮಧುವರಸನ ಮೈ ಉರಿಯಿತು. ಹರಳಯ್ಯನ ಪಾದರಕ್ಷೆಗಳೆಂದು ನಂಬಿ ಪೂಜಿಸುವ ಜೋಡನ್ನು ಕಲಬುರಗಿ ಜಿಲ್ಲೆಯ ಬಿಜನಳ್ಳಿಯಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಮಧ್ಯಯುಗದ ಮೌಲ್ಯಲೋಕ ಇಡಿಯಾಗಿ ಈ ಒಂದು ಕಥೆಯಲ್ಲಿದೆ. ಮೇಲಿನವನು ಕೆಳಗಿನವನಿಗೆ ನಮಸ್ಕಾರ ತಿರುಗಿ ಹೇಳುವುದೇ ಘಟನೆಯಾಗಬಲ್ಲ ಸಮಾಜ ಅದು. ಮುಟ್ಟಬಾರದೆನಿಸಿಕೊಂಡ ಚರ್ಮ ಇಲ್ಲಿ ತಲೆಯ ಮೇಲೇರುತ್ತದೆ. ಆದರೆ ಸಮಾನತೆಯನ್ನು ಸಾಧಿಸಲು ಹರಳಯ್ಯ ತನ್ನ ದೇಹವನ್ನೇ ಕೊಯ್ದುಕೊಳ್ಳಬೇಕಾಗುತ್ತದೆ. ಭಕ್ತರು ಇದನ್ನು ಭಕ್ತಿಯ ತುತ್ತತುದಿ ಎಂದು ಕೇಳುತ್ತಾರೆ. ಅದೇ ಕಥೆಯನ್ನು ಸಮಗಾರರ ಕೇರಿಯಲ್ಲಿ ನಿಂತು ಕೇಳಿದರೆ ಇನ್ನೊಂದು ನೋವೂ ಕೇಳಿಸುತ್ತದೆ: ಗೌರವಕ್ಕೆ ತೆರಬೇಕಾದ ಬೆಲೆ ಯಾವಾಗಲೂ ಕೆಳಗಿನವನ ಮೈಯಿಂದಲೇ ಬರಬೇಕೇ? ಆಧುನಿಕ ಲೇಖಕರು ಹೆಚ್ಚಾಗಿ ಪವಾಡವನ್ನು ಬಿಟ್ಟು ಮದುವೆಯ ಪ್ರಸಂಗವನ್ನಷ್ಟೇ ಹಿಡಿದರು. ನನ್ನ ಅಭಿಪ್ರಾಯದಲ್ಲಿ ಅದು ನಷ್ಟ. ಆ ಚರ್ಮದ ಕಥೆಯಲ್ಲಿರುವ ಬೆಂಕಿ ಮದುವೆಯ ರಾಜಕಾರಣದಲ್ಲಿಲ್ಲ.

ಬಸವಕಲ್ಯಾಣಕ್ಕೆ ಹೋದವರು ಕಥೆ ಊರಿನ ನಕ್ಷೆಯನ್ನೇ ಬರೆದಿರುವುದನ್ನು ನೋಡಬಹುದು. ಹರಳಯ್ಯನ ಗವಿ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಪರುಷಕಟ್ಟೆ, ಅರಿವಿನ ಮನೆ, ತ್ರಿಪುರಾಂತಕ ಕೆರೆ ಹೀಗೆ ಒಂದೊಂದು ಜಾಗಕ್ಕೆ ಒಬ್ಬೊಬ್ಬ ಶರಣರ ಹೆಸರೋ ಪ್ರಸಂಗವೋ ಅಂಟಿಕೊಂಡಿದೆ. ರಾಜರ ಅರಮನೆಯ ಗುರುತು ತೋರಿಸಿ ಎಂದರೆ ಜನ ಯೋಚಿಸಬೇಕಾಗುತ್ತದೆ. ಹಗ್ಗ ಹೊಸೆಯುತ್ತಿದ್ದ ಚಂದಯ್ಯ ಎಲ್ಲಿದ್ದ ಎಂದರೆ ಕೈಮಾಡಿ ತೋರಿಸುತ್ತಾರೆ.

ಭಾಲ್ಕಿಯ ಮಠ ಮತ್ತು ಪ್ರವಚನ

ಕಥೆಗಳು ಪುಸ್ತಕದಿಂದಷ್ಟೇ ಬದುಕುವುದಿಲ್ಲ. ಕಲ್ಯಾಣದ ಕಥೆ ಈ ಸೀಮೆಯ ಹಳ್ಳಿಗಳಲ್ಲಿ ಉಳಿದದ್ದು ಶ್ರಾವಣದ ಪುರಾಣ–ಪ್ರವಚನಗಳಿಂದ. ಸಂಜೆ ಮಠದಲ್ಲೋ ಗುಡಿಯಲ್ಲೋ ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ನಡುನಡುವೆ ತಬಲಾ–ಹಾರ್ಮೋನಿಯಂ ಜೊತೆ ವಚನ ಹಾಡುವುದು ವಾಡಿಕೆ. ಪ್ರವಚನಕಾರ 12ನೇ ಶತಮಾನದ ಮಾತಾಡುತ್ತ ಆಡುತ್ತ ಇಂದಿನ ಕುಡಿತ, ವರದಕ್ಷಿಣೆ, ಜಾತಿಜಗಳಕ್ಕೆ ಇಳಿಯುತ್ತಾನೆ. ಮಧ್ಯಯುಗ ಅಲ್ಲಿ ಮುಗಿದುಹೋದ ಕಾಲವಲ್ಲ.

ಈ ಪರಂಪರೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚೆನ್ನಬಸವ ಪಟ್ಟದ್ದೇವರು (1889–1999) ದೊಡ್ಡ ಹೆಸರು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತಭಾಷೆಯಾಗಿದ್ದಾಗ, ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಕೆಲಸವನ್ನು ಬೀದರ ಜಿಲ್ಲೆ ಮರೆತಿಲ್ಲ. ಶರಣರ ಚರ್ಚಾಸಭೆಯ ನೆನಪಿಗೆ ಬಸವಕಲ್ಯಾಣದಲ್ಲಿ ಅನುಭವಮಂಟಪ ನಿರ್ಮಿಸಲೂ ಅವರೇ ಮುಂದೆ ನಿಂತರು. ಕನ್ನಡ ಓದಬಲ್ಲ ಒಂದು ಪೀಳಿಗೆ ಭಾಲ್ಕಿ, ಔರಾದ, ಕಮಲನಗರಗಳಲ್ಲಿ ಸಿದ್ಧವಾಗದೆ ಹೋಗಿದ್ದರೆ ಕಲ್ಯಾಣದ ಕಾದಂಬರಿ, ನಾಟಕಗಳಿಗೆ ಕಲ್ಯಾಣದ ನೆಲದಲ್ಲೇ ಓದುಗರಿರುತ್ತಿರಲಿಲ್ಲ. ಬೀದರ ನಗರದ ಜಿಲ್ಲಾ ರಂಗಮಂದಿರಕ್ಕೆ ಅವರ ಹೆಸರಿಟ್ಟಿರುವುದು ಉಚಿತವೇ ಆಗಿದೆ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನೂ ಇಲ್ಲಿ ನೆನೆಯಬೇಕು. ಮರಾಠಿ ವಾತಾವರಣದಲ್ಲಿ ಬೆಳೆದು, ಕನ್ನಡ ಕಲಿತು, ಶರಣ ಸಿದ್ಧರಾಮನ ಬದುಕನ್ನು ಜನಪದರ ತ್ರಿಪದಿಯಲ್ಲಿ ಮಹಾಕಾವ್ಯವಾಗಿ ಬರೆದ ಅವರು 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದರು. ಅರಮನೆಯ ಕಾವ್ಯಕ್ಕೆ ಒಗ್ಗಿದ ಛಂದಸ್ಸನ್ನು ಬಿಟ್ಟು, ಬೀಸುವಾಗ ಕುಟ್ಟುವಾಗ ಹೆಂಗಸರು ಹಾಡುವ ಛಂದಸ್ಸನ್ನು ಆರಿಸಿಕೊಂಡದ್ದೇ ಒಂದು ಮೌಲ್ಯದ ನಿಲುವು.

ಕಾದಂಬರಿ: ಕ್ರಾಂತಿಯ ಕನಸು

ಆಧುನಿಕ ಕಥನಕ್ಕೆ ಕಚ್ಚಾವಸ್ತು ಒದಗಿಸಿದವರು ಫ.ಗು. ಹಳಕಟ್ಟಿ. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಅಚ್ಚಾದ ಮೇಲೆ ಶರಣರ ಮಾತೇ ಲೇಖಕರ ಕೈಗೆ ಬಂತು. ಪುರಾಣದ ಬಸವಣ್ಣ ಪವಾಡಪುರುಷ. ವಚನದ ಬಸವಣ್ಣ ಅನುಮಾನಪಡುವ, ತನ್ನನ್ನೇ ಬೈದುಕೊಳ್ಳುವ ಮನುಷ್ಯ. ಕಾದಂಬರಿಗೆ ಬೇಕಾದದ್ದು ಈ ಎರಡನೆಯವನು. ಸ್ವಾತಂತ್ರ್ಯ ಹೋರಾಟದ ಕಾಲ ಇದಕ್ಕೆ ತನ್ನದೊಂದು ಬಣ್ಣ ಕೊಟ್ಟಿತು. ಅಸ್ಪೃಶ್ಯತೆಯ ವಿರುದ್ಧದ ಗಾಂಧಿಯುಗದ ಮಾತು ಹರಳಯ್ಯನ ಕಥೆಯೊಳಗೆ ಸಲೀಸಾಗಿ ಸೇರಿಕೊಂಡಿತು.

1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಬೀದರ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣದ ಉತ್ಸಾಹದಲ್ಲಿ ಕಲ್ಯಾಣ ಇಡೀ ನಾಡಿನ ಪ್ರತೀಕವಾಯಿತು. ಬಿ. ಪುಟ್ಟಸ್ವಾಮಯ್ಯನವರ ಕಾದಂಬರಿಮಾಲೆ ಈ ಹೊತ್ತಿನ ದೊಡ್ಡ ಸಾಧನೆ. ‘ಉದಯರವಿ’, ‘ರಾಜ್ಯಪಾಲ’, ‘ಕಲ್ಯಾಣೇಶ್ವರ’, ‘ನಾಗಬಂಧ’, ‘ಮುಗಿಯದ ಕನಸು’, ‘ಕ್ರಾಂತಿ ಕಲ್ಯಾಣ’ ಈ ಆರು ಕಾದಂಬರಿಗಳಲ್ಲಿ ಚಾಲುಕ್ಯ–ಕಲಚುರಿ ರಾಜಕೀಯ ಮತ್ತು ಶರಣರ ಚಳವಳಿ ಒಂದರೊಳಗೊಂದು ಹೆಣೆದುಕೊಂಡಿವೆ. ಕೊನೆಯದಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಂಗಭೂಮಿಗೆ ಬರೆದು ಪಳಗಿದ ಲೇಖಕರಾದ್ದರಿಂದ ಒಳಸಂಚು, ಮರೆಯಿಂದ ಕೇಳುವುದು, ಪತ್ರ ಕೈತಪ್ಪುವುದು ಇಂಥ ತಿರುವುಗಳು ಅವರ ಕಥನದಲ್ಲಿ ಚುರುಕಾಗಿವೆ. ಅವರು ತೋರಿಸುವ ಮಧ್ಯಯುಗದಲ್ಲಿ ರಾಜ್ಯ ಎಂದರೆ ಸಾಮಂತರ ನಡುವಿನ ಎಂದೂ ಮುಗಿಯದ ಜಗ್ಗಾಟ. ಧರ್ಮದ ಹೊಸ ಮಾತು ಆ ಜಗ್ಗಾಟದ ನಡುವೆ ಉಸಿರಾಡಲು ಜಾಗ ಹುಡುಕುತ್ತದೆ. ಚಳವಳಿಯ ಸೋಲಿಗೆ ಜಾತಿಯಷ್ಟೇ ಅಧಿಕಾರವೂ ಕಾರಣ ಎಂಬ ತಿಳಿವು ಈ ಮಾಲೆಯ ಬಲ.

ಎಚ್. ತಿಪ್ಪೇರುದ್ರಸ್ವಾಮಿಯವರ ದಾರಿ ಬೇರೆ. ‘ಪರಿಪೂರ್ಣದೆಡೆಗೆ’ ಅಲ್ಲಮನನ್ನೂ ‘ಕದಳಿಯ ಕರ್ಪೂರ’ ಅಕ್ಕಮಹಾದೇವಿಯನ್ನೂ ‘ಕರ್ತಾರನ ಕಮ್ಮಟ’ ಬಸವಣ್ಣನನ್ನೂ ಒಳಗಿನಿಂದ ನೋಡುತ್ತವೆ. ಇಲ್ಲಿ ಸಮಾಜ ಹಿನ್ನೆಲೆಗೆ ಸರಿದು ಸಾಧಕನ ಮನಸ್ಸು ಮುಂದೆ ಬರುತ್ತದೆ. ಭಕ್ತಿಯಿಂದ ಬರೆದ ಕಾದಂಬರಿಗಳಿಗೆ ಒಂದು ಕಷ್ಟ ಎದುರಾಗುತ್ತದೆ. ಶರಣರ ಬಾಯಿಗೆ ವಚನವನ್ನೇ ಸಂಭಾಷಣೆಯಾಗಿ ಕೊಟ್ಟರೆ ಪಾತ್ರಗಳು ಮಾತಾಡುವುದನ್ನು ಬಿಟ್ಟು ಉಪದೇಶಿಸತೊಡಗುತ್ತವೆ. ಕೊಡದಿದ್ದರೆ ಅವರು ಶರಣರೆಂದೇ ಓದುಗನಿಗೆ ಅನಿಸುವುದಿಲ್ಲ. ಈ ತೊಡಕನ್ನು ಪೂರ್ತಿ ಬಿಡಿಸಿಕೊಂಡ ಕಾದಂಬರಿ ವಿರಳ.

ಇನ್ನೊಂದು ಕೊರತೆ ಹೆಣ್ಣುಮಕ್ಕಳದು. ಅಕ್ಕಮಹಾದೇವಿ ಎಲ್ಲೆಡೆ ಇದ್ದಾಳೆ. ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ, ಸತ್ಯಕ್ಕ, ಕದಿರ ರೆಮ್ಮವ್ವೆ ಇವರೆಲ್ಲ ಸ್ವಂತ ಅಂಕಿತದಲ್ಲಿ ವಚನ ಬರೆದವರು, ದುಡಿದು ಉಂಡವರು. ಕಥನದಲ್ಲಿ ಅವರು ಪ್ರಧಾನ ಪಾತ್ರಗಳಾಗಿ ಬಂದದ್ದು ತೀರ ಕಡಿಮೆ.

ರಂಗದ ಮೇಲೆ ಕಲ್ಯಾಣ

ಕಾದಂಬರಿ ಭಕ್ತಿಯಿಂದ ನೋಡಿದ ಕಲ್ಯಾಣವನ್ನು ನಾಟಕ ಪ್ರಶ್ನೆಯಿಂದ ನೋಡಿತು. ಪಿ. ಲಂಕೇಶರ ‘ಸಂಕ್ರಾಂತಿ’ (1971) ಈ ತಿರುವಿನ ಕೃತಿ. ಬ್ರಾಹ್ಮಣರ ಹುಡುಗಿ ಉಷಾ, ಕೆಳಜಾತಿಯ ರುದ್ರ ಇವರ ಸಂಬಂಧ ನಾಟಕದ ಕೇಂದ್ರ. ಶರಣನಾಗಿ ಶುದ್ಧನಾದ ರುದ್ರ ಮೊದಲಿನ ರುದ್ರನಾಗಿ ಉಳಿಯುತ್ತಾನೆಯೇ? ಮಾಂಸ, ಹೆಂಡ, ಕುಣಿತ, ಕುಲದೇವತೆ ಬಿಡು ಎಂದರೆ ಅವನ ಬದುಕಿನಲ್ಲಿ ಏನು ಉಳಿಯುತ್ತದೆ? ಹಳೆಯ ತಲೆಮಾರಿನ ಉಜ್ಜ ಈ ಪ್ರಶ್ನೆಯನ್ನು ಒರಟಾಗಿ ಎತ್ತುತ್ತಾನೆ. ಮೇಲೆತ್ತುವವರ ಪ್ರೀತಿಯಲ್ಲೂ ಒಂದು ಬಗೆಯ ಒತ್ತಾಯ ಇರಬಲ್ಲದು ಎಂದು ಕನ್ನಡ ರಂಗಭೂಮಿ ಮೊದಲ ಬಾರಿ ಗಟ್ಟಿಯಾಗಿ ಹೇಳಿದ್ದು ಇಲ್ಲಿ. ಲಂಕೇಶರ ಬಸವಣ್ಣನನ್ನು ಒಪ್ಪದವರು ಬಹಳ ಇದ್ದಾರೆ. ಉಜ್ಜನನ್ನು ಕೇಳಿಸಿಕೊಂಡವರು ಅವನನ್ನು ಮರೆಯಲಾರರು.

ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986) ದುಡಿಯುವ ಶರಣರನ್ನು ನಡುವೆ ನಿಲ್ಲಿಸಿತು. ಕಲ್ಯಾಣವನ್ನು ಕಟ್ಟಿದವರು, ಕಲ್ಯಾಣಕ್ಕಾಗಿ ಸತ್ತವರು ಕಸುಬುದಾರರು ಎಂಬುದು ಅದರ ನಿಲುವು. ಅದು ಪಠ್ಯವಾದಾಗ 1990ರ ದಶಕದಲ್ಲಿ ತೀವ್ರ ವಿರೋಧ ಎದುರಿಸಿತು. ಎಂ.ಎಂ. ಕಲಬುರ್ಗಿಯವರು ಸಂಶೋಧಕರಾಗಿದ್ದೂ ‘ಕೆಟ್ಟಿತ್ತು ಕಲ್ಯಾಣ’ ನಾಟಕ ಬರೆದರು. ಶಾಸನ, ಹಸ್ತಪ್ರತಿಗಳಲ್ಲಿ ಸಿಗದ ಉತ್ತರವನ್ನು ಅವರೂ ರಂಗದಲ್ಲಿ ಹುಡುಕಿದರು.

ಗಿರೀಶ ಕಾರ್ನಾಡರ ‘ತಲೆದಂಡ’ (1990) ಇವೆಲ್ಲಕ್ಕಿಂತ ದೂರ ಹೋಯಿತು. ಮಂಡಲ ವರದಿ ಮತ್ತು ಮಂದಿರ ಚಳವಳಿಯ ದಿನಗಳಲ್ಲಿ ಬರೆದ ಈ ನಾಟಕದಲ್ಲಿ ಬಿಜ್ಜಳನ ಪಾತ್ರ ಹೊಸದಾಗಿ ಹುಟ್ಟಿತು. ಕಲಚುರಿಗಳ ಮೂಲಪುರುಷ ಕ್ಷೌರಿಕನ ವೇಷದಲ್ಲಿ ಹೋಗಿ ದುಷ್ಟ ರಾಜನನ್ನು ಕೊಂದ ಎಂಬ ಹಳೆಯ ದಂತಕಥೆ ಶಾಸನದಲ್ಲಿದೆ. ಕಾರ್ನಾಡರು ಅದನ್ನು ಹಿಡಿದು, ಸಿಂಹಾಸನದ ಮೇಲೆ ಕೂತರೂ ಹಜಾಮ ಎಂಬ ಗುರುತು ಬಿಡದೆ ಕಾಡುವ ದೊರೆಯನ್ನು ಕಟ್ಟಿದರು. ಆ ಬಿಜ್ಜಳ ಬಸವಣ್ಣನನ್ನು ಬೆಂಬಲಿಸುವುದು ತತ್ವಕ್ಕಾಗಿಯಲ್ಲ. ತನ್ನನ್ನು ಜಾತಿಯಿಲ್ಲದೆ ನೋಡಿದ ಮೊದಲ ಮನುಷ್ಯ ಅವನು ಎಂಬುದಕ್ಕಾಗಿ. ಮದುವೆಯ ಪ್ರಸಂಗದಲ್ಲಿ ಕಾರ್ನಾಡರು ಘೋಷಣೆಗಳನ್ನು ಬದಿಗಿಟ್ಟು ತಾಯಂದಿರ ಅಳುಕಿಗೆ ಕಿವಿಗೊಟ್ಟರು. ಅಗ್ರಹಾರದಲ್ಲಿ ಬೆಳೆದ ಹುಡುಗಿ ಚರ್ಮದ ವಾಸನೆಯ ನಡುವೆ ಹೇಗೆ ಬಾಳುತ್ತಾಳೆ ಎಂಬ ಭಯ ಇಲ್ಲಿ ಕ್ಷುಲ್ಲಕವಲ್ಲ. ಕಟ್ಟಕಡೆಗೆ ಸಮಾನತೆಯ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ, ಹಿತ್ತಲಲ್ಲಿ. ಈ ನಾಟಕಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಿಂದಿಯಲ್ಲಿ ‘ರಕ್ತ ಕಲ್ಯಾಣ್’ ಎಂಬ ಹೆಸರಿನಿಂದ ಇಬ್ರಾಹಿಂ ಅಲ್ಕಾಜಿಯವರ ನಿರ್ದೇಶನದಲ್ಲಿ ದೆಹಲಿಯ ರಂಗವೇರಿತು. ಕಲ್ಯಾಣವನ್ನು ಕುರಿತ ಎಲ್ಲ ಕೃತಿಗಳಲ್ಲಿ ಇದೇ ಶ್ರೇಷ್ಠ ಎಂಬುದು ಈ ಲೇಖಕನ ತೀರ್ಮಾನ.

ಸಿನಿಮಾ ಈ ದಾರಿಯಲ್ಲಿ ಇಷ್ಟು ದೂರ ಬರಲಿಲ್ಲ. ಟಿ.ವಿ. ಸಿಂಗ್ ಠಾಕೂರರ ‘ಜಗಜ್ಯೋತಿ ಬಸವೇಶ್ವರ’ (1959) ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. ಪುರಾಣದ ದಾರಿಯಲ್ಲೇ ಸಾಗುವ ಚಿತ್ರವಾದರೂ ಬಿಜ್ಜಳನಿಗೆ ಅಂಥ ನಟ ಸಿಕ್ಕಿದ್ದರಿಂದ ಪಾತ್ರಕ್ಕೆ ಒಂದು ಘನತೆ ಬಂತು. ‘ಕ್ರಾಂತಿಯೋಗಿ ಬಸವಣ್ಣ’ (1983) ಮತ್ತು ಟಿ.ಎಸ್. ನಾಗಾಭರಣರ ‘ಅಲ್ಲಮ’ (2017) ಆನಂತರದವು.

ಕಥೆಗೆ ಎಷ್ಟು ಸ್ವಾತಂತ್ರ್ಯ

ಕಲ್ಯಾಣದ ಬಗ್ಗೆ ಬರೆಯುವವನಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿ 1995ರಲ್ಲಿ ಬಂತು. ಬಸವಣ್ಣನ ಅಕ್ಕ ಅಕ್ಕನಾಗಮ್ಮ ಮತ್ತು ಆಕೆಯ ಮಗ ಚೆನ್ನಬಸವಣ್ಣನ ಹುಟ್ಟಿನ ಕುರಿತ ಭಾಗ ಭಕ್ತರ ಮನಸ್ಸಿಗೆ ನೋವುಂಟುಮಾಡಿತು. 1997ರಲ್ಲಿ ರಾಜ್ಯ ಸರಕಾರ ಕಾದಂಬರಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಅದನ್ನು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟು ಸರಕಾರದ ಕ್ರಮವನ್ನು ಎತ್ತಿಹಿಡಿಯಿತು. ನಂಬಿದವರ ನೋವು ಸುಳ್ಳಲ್ಲ. ಆದರೆ ಪ್ರಶ್ನೆ ಕೇಳುವುದನ್ನೇ ಸಾಧನೆಯ ಮೊದಲ ಮೆಟ್ಟಿಲಾಗಿಸಿದ ಅನುಭವಮಂಟಪದ ಕಥೆಯನ್ನು ಬರೆಯುವವರು ಪ್ರಶ್ನಿಸಲು ಹೆದರಬೇಕಾದ ಸ್ಥಿತಿ ಆ ಪರಂಪರೆಗೆ ಹಿತವಲ್ಲ. ಆ ತೀರ್ಪಿನ ನಂತರ ಕಲ್ಯಾಣದ ವಸ್ತುವನ್ನು ಮುಟ್ಟುವ ಕಾದಂಬರಿಕಾರರ ಕೈ ಅಳುಕಿದರೆ ಆಶ್ಚರ್ಯವಿಲ್ಲ.

ಬೀದರಿನ ಬಾದಶಹ

ಇನ್ನು ಬೀದರ. ವಿಜಯನಗರ ಕನ್ನಡದ ಐತಿಹಾಸಿಕ ಕಾದಂಬರಿಯ ಹೆಮ್ಮೆಯ ವಸ್ತು. ಗಳಗನಾಥರ ‘ಮಾಧವ ಕರುಣಾವಿಲಾಸ’ದಿಂದ ಅ.ನ.ಕೃ. ಅವರ ವಿಜಯನಗರ ಮಾಲೆಯವರೆಗೆ ಬಹಮನಿ ಸುಲ್ತಾನ ತುಂಗಭದ್ರೆಯ ಆಚೆಯ ಶತ್ರು. ಬೀದರ ಎಂದರೆ ದಂಡು ಹೊರಡುವ ಊರು. ಆ ಊರಿನ ಬೀದಿಯಲ್ಲಿ ಜನ ಹೇಗಿದ್ದರು, ಬಿದರಿ ಕಸುಬಿನವನ ಮನೆಯಲ್ಲಿ ಯಾವ ಮಾತು ನಡೆಯುತ್ತಿತ್ತು ಎಂಬ ಕುತೂಹಲ ಆ ಕಾದಂಬರಿಗಳಿಗಿಲ್ಲ. ಕಾರ್ನಾಡರು ‘ತುಘಲಕ್’ (1964) ನಾಟಕದಲ್ಲಿ ದೆಹಲಿಯ ಸುಲ್ತಾನನನ್ನು ಒಳಗಿನಿಂದ ಕಂಡು, ‘ರಾಕ್ಷಸ ತಂಗಡಿ’ಯಲ್ಲಿ (2018) 1565ರ ಯುದ್ಧದ ಎರಡೂ ಬದಿಯವರಿಗೆ ಮಾತು ಕೊಟ್ಟರು. ದೆಹಲಿಯ ಸುಲ್ತಾನನಿಗೆ ಸಿಕ್ಕ ಸಹಾನುಭೂತಿ ಬೀದರಿನ ಸುಲ್ತಾನನಿಗೆ ಕನ್ನಡದಲ್ಲಿ ಇನ್ನೂ ಸಿಕ್ಕಿಲ್ಲ.

ಮರಾಠಿ ಸಂತಕಥೆಗಳಲ್ಲಿ ಬೀದರಿಗೆ ಬೇರೆಯದೇ ಸ್ಥಾನವಿದೆ. ಔರಾದ, ಕಮಲನಗರ, ಭಾಲ್ಕಿಯ ಹಳ್ಳಿಗಳಲ್ಲಿ ಮರಾಠಿ ಕೀರ್ತನೆ ಕೇಳುವವರು, ಪಂಢರಪುರಕ್ಕೆ ವಾರಿ ಹೋಗುವವರು ಬಹಳ. ಅವರು ಕೇಳುವ ಎರಡು ಕಥೆಗಳಲ್ಲಿ ಬೀದರಿನ ಬಾದಶಹ ಇದ್ದಾನೆ. ಮಹೀಪತಿ 1762ರಲ್ಲಿ ಬರೆದ ‘ಭಕ್ತವಿಜಯ’ ಇವಕ್ಕೆ ಹೆಸರಾಂತ ಆಕರ. ಮಂಗಳವೇಢೆಯ ಅಧಿಕಾರಿ ದಾಮಾಜಿಪಂತ ಬರಗಾಲದಲ್ಲಿ ಸರಕಾರಿ ಹಗೇವನ್ನು ತೆರೆದು ಹಸಿದವರಿಗೆ ಧಾನ್ಯ ಹಂಚಿದ. ಬಾದಶಹ ಅವನನ್ನು ಹಿಡಿದು ತರಿಸಿದ. ದಾಮಾಜಿ ಬೀದರ ಮುಟ್ಟುವ ಮೊದಲೇ ವಿಠು ಎಂಬ ಮಹಾರ ದರಬಾರಿಗೆ ಬಂದು, ಧಾನ್ಯದ ಬೆಲೆಯನ್ನೆಲ್ಲ ಸುರಿದು, ರಸೀದಿ ಪಡೆದು ಹೋದ. ಅವನು ವಿಠ್ಠಲನೇ ಎಂದು ತಿಳಿದು ಬಾದಶಹ ಬೆರಗಾದ. ಇನ್ನೊಂದು ಕಾನ್ಹೋಪಾತ್ರೆಯದು. ಅದೇ ಮಂಗಳವೇಢೆಯ ವೇಶ್ಯೆಯ ಮಗಳು, ಸ್ವತಃ ಅಭಂಗ ಕಟ್ಟಿದವಳು. ಬಾದಶಹ ಅವಳನ್ನು ಜನಾನಕ್ಕೆ ಕರೆಸಿದಾಗ ಪಂಢರಪುರದ ವಿಠ್ಠಲನ ಪಾದ ಹಿಡಿದು ಪ್ರಾಣ ಬಿಟ್ಟಳು. 1931ರಲ್ಲಿ ಬಾಲಗಂಧರ್ವರ ಮಂಡಳಿ ಈ ಕಥೆಯನ್ನು ಸಂಗೀತನಾಟಕವಾಗಿ ರಂಗಕ್ಕೆ ತಂದಿತು.

ಎರಡೂ ಕಥೆಗಳ ಬಾದಶಹ ಒಬ್ಬನೇ ಅಲ್ಲ. ಮೊದಲನೆಯವನು ಲೆಕ್ಕ ಕೇಳುವವನು, ಸತ್ಯ ಕಂಡಾಗ ಬಾಗುವವನು. ಎರಡನೆಯವನು ಹೆಣ್ಣನ್ನು ವಸ್ತುವೆಂದು ಎಣಿಸುವವನು. ಕೀರ್ತನಕಾರನಿಗೆ ಅವನ ಧರ್ಮ ಮುಖ್ಯವಾಗುವುದಿಲ್ಲ, ಅವನ ನಡತೆ ಮುಖ್ಯವಾಗುತ್ತದೆ. ಇನ್ನೊಂದು ಮಾತು: ಬಿಜ್ಜಳ ಕಲ್ಯಾಣಕ್ಕೆ ಬರುವ ಮೊದಲು ಆಳುತ್ತಿದ್ದುದು, ಬಸವಣ್ಣ ಮೊದಲು ಕೆಲಸಕ್ಕೆ ಸೇರಿದ್ದು ಇದೇ ಮಂಗಳವೇಢೆಯಲ್ಲಿ ಎಂದು ಕನ್ನಡದ ಪರಂಪರೆ ಹೇಳುತ್ತದೆ. ಭಂಡಾರದ ಅಧಿಕಾರಿ, ಸರಕಾರಿ ಹಣ, ಹಸಿದವರ ಮೇಲಿನ ಪ್ರೀತಿ, ಅರಸನ ಅನುಮಾನ, ದೇವರು ತೀರಿಸಿದ ಲೆಕ್ಕ ಇವಿಷ್ಟೂ ಬಸವಣ್ಣನ ಕಥೆಯಲ್ಲೂ ದಾಮಾಜಿಯ ಕಥೆಯಲ್ಲೂ ಇವೆ. ಕನ್ನಡ, ಮರಾಠಿ ಕಥನಗಳು ಗಡಿಯ ಈ ಸೀಮೆಯಲ್ಲಿ ಒಂದೇ ನ್ಯಾಯವನ್ನು ಬಯಸಿದವು.

ಬೀದರ ಹೊರವಲಯದ ಅಷ್ಟೂರಿನಲ್ಲಿ ಇದಕ್ಕಿಂತ ಆಶ್ಚರ್ಯದ ಕಥೆಯಿದೆ. ಅಲ್ಲಿ ಅಹ್ಮದ್ ಶಾಹ ವಲಿಯ (ಆಳ್ವಿಕೆ 1422–1436) ಗೋರಿ ಇದೆ. ಬರಗಾಲದಲ್ಲಿ ಅವನು ಪ್ರಾರ್ಥಿಸಿದಾಗ ಮಳೆ ಬಂದು, ಜನ ಅವನನ್ನು ವಲಿ ಎಂದರಂತೆ. ಲಿಂಗಾಯತ ಭಕ್ತರಿಗೆ ಅವನು ಅಲ್ಲಮಪ್ರಭುವಿನ ರೂಪ. ಹೋಳಿಯ ಆಸುಪಾಸಿನಲ್ಲಿ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮ ಬರುವ ಪದ್ಧತಿಯನ್ನು ಗುಲಾಂ ಯಜ್ದಾನಿಯವರು 1947ರ ತಮ್ಮ ಬೀದರ ಗ್ರಂಥದಲ್ಲಿ ದಾಖಲಿಸಿದ್ದಾರೆ. 12ನೇ ಶತಮಾನದ ಶರಣನನ್ನೂ 15ನೇ ಶತಮಾನದ ಸುಲ್ತಾನನನ್ನೂ ಜನ ಒಬ್ಬನನ್ನಾಗಿ ಮಾಡಿಕೊಂಡರು. ಚರಿತ್ರೆಯ ವಿದ್ಯಾರ್ಥಿ ಇದನ್ನು ತಪ್ಪೆನ್ನಬಹುದು. ಕಥೆಯಾಗಿ ಇದು ಬಹಳ ದೊಡ್ಡದು. ರಾಜನನ್ನು ಜನ ಅಳೆದದ್ದು ಮಳೆಯಿಂದ, ಧಾನ್ಯದಿಂದ. ಕಾದಂಬರಿಕಾರರು ಎರಡು ಬಣ ಮಾಡಿದ ಮಧ್ಯಯುಗವನ್ನು ಅಷ್ಟೂರಿನ ಭಕ್ತರು ಒಡೆಯಲಿಲ್ಲ.

ಗವಾನನಿಗಾಗಿ ಕಾಯುತ್ತಿರುವ ಕಾದಂಬರಿ

ಬೀದರಿನ ಸಮಾಜವನ್ನು ಕಣ್ಣಾರೆ ಕಂಡು ಬರೆದವನು ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಕುದುರೆಯೊಂದನ್ನು ಮಾರಲು ಬಂದ ಅವನು ಇಲ್ಲಿ ತಿಂಗಳುಗಟ್ಟಲೆ ಉಳಿದ. ಅಮೀರರ ಬೆಳ್ಳಿಯ ಪಲ್ಲಕ್ಕಿ, ಚಿನ್ನದ ಸಾಜಿನ ಕುದುರೆಗಳನ್ನು ಕಂಡವನು, ಹಳ್ಳಿಯ ಜನರ ಬಡತನವನ್ನೂ ಬರೆಯಲು ಮರೆಯಲಿಲ್ಲ. ಅವನ ಪ್ರವಾಸವನ್ನು ಕೆ.ಎ. ಅಬ್ಬಾಸ್ ಮತ್ತು ವಾಸಿಲಿ ಪ್ರೋನಿನ್ 1957ರಲ್ಲಿ ‘ಪರದೇಸಿ’ ಎಂಬ ಹೆಸರಿನಲ್ಲಿ ಭಾರತ–ಸೋವಿಯತ್ ಜಂಟಿ ಸಿನಿಮಾ ಮಾಡಿದರು. ಪೃಥ್ವಿರಾಜ್ ಕಪೂರ್ ಅದರಲ್ಲಿ ಬಹಮನಿ ವಜೀರ ಮಹಮೂದ್ ಗವಾನ. ಬೀದರಿನ ಮಧ್ಯಯುಗ ಮಾಸ್ಕೋದ ತೆರೆಯನ್ನು ಮುಟ್ಟಿತು.

ಗವಾನನ ಬದುಕು ಬರೆಯುವವನಿಗೆ ಸಿದ್ಧವಾಗಿಯೇ ನಿಂತಿದೆ. ಇರಾನಿನ ಗೀಲಾನದಿಂದ ವ್ಯಾಪಾರಕ್ಕೆ ಬಂದು ವಜೀರನಾದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳು ಇಂದಿಗೂ ಬೀದರಿನ ಬಿಸಿಲಲ್ಲಿ ಹೊಳೆಯುತ್ತವೆ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಉಳಿದಿದೆ. ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳು ಎಂಬ ಎರಡು ಬಣಗಳ ವೈರ ಅವನ ಕಾಲದ ಸಮಾಜವನ್ನು ಸೀಳಿತ್ತು. ವೈರಿಗಳು ಅವನ ಮುದ್ರೆ ಒತ್ತಿಸಿಕೊಂಡ ಖಾಲಿ ಕಾಗದದಲ್ಲಿ ಒರಿಸ್ಸಾದ ದೊರೆಗೆ ಬರೆದ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಶಾಹ 1481ರ ಏಪ್ರಿಲ್‌ನಲ್ಲಿ ಅವನ ತಲೆ ತೆಗೆಸಿದ, ಒಂದು ವರ್ಷದೊಳಗೆ ತಾನೂ ಸತ್ತ. ಒಳಗಿನವರು ಯಾರು, ಹೊರಗಿನವರು ಯಾರು, ನಿಷ್ಠೆ ಯಾರಿಗೆ ಎಂಬ ಆ ಪ್ರಶ್ನೆಗಳು ಇಂದಿಗೂ ಜೀವಂತವಾಗಿವೆ. ಹಾಗಿದ್ದೂ ಹರಹಿನಲ್ಲಿ ‘ಕ್ರಾಂತಿ ಕಲ್ಯಾಣ’ಕ್ಕೆ, ಆಳದಲ್ಲಿ ‘ತಲೆದಂಡ’ಕ್ಕೆ ಸಾಟಿಯಾಗುವ ಕನ್ನಡ ಕೃತಿ ಗವಾನನ ಮೇಲೆ ಬಂದಿಲ್ಲ.

ಇದಕ್ಕೆ ಒಂದು ಕಾರಣ ಆಕರಗಳು ಪಾರಸಿಯಲ್ಲಿವೆ ಎಂಬುದು. ಇನ್ನೊಂದು ಕಾರಣ, ಮೇಲೆ ಹೇಳಿದ ಲೇಖಕರಲ್ಲಿ ಹೆಚ್ಚಿನವರು ಬೆಂಗಳೂರು, ಶಿವಮೊಗ್ಗ, ಧಾರವಾಡಗಳ ಕಡೆಯವರು. ಉರ್ದು, ಮರಾಠಿ, ತೆಲುಗು ಬೆರೆತ ಬೀದರಿನ ಕನ್ನಡ ಅವರ ಕಲ್ಯಾಣದಲ್ಲಿ ಕೇಳಿಸುವುದಿಲ್ಲ, ಬೀದರ ಅವರ ದಾರಿಯಲ್ಲಿ ಬರುವುದೂ ಇಲ್ಲ. ಆ ಕನ್ನಡವನ್ನು ಮನೆಯಲ್ಲಿ ಆಡುವ, ಶಾಲೆಯಲ್ಲಿ ಉರ್ದು ಮರಾಠಿಗಳನ್ನು ಕೇಳಿ ಬೆಳೆದ ಯುವಕ ಯುವತಿಯರು ಭಾಲ್ಕಿಯಲ್ಲೂ ಔರಾದದಲ್ಲೂ ಬೀದರಿನಲ್ಲೂ ಇದ್ದಾರೆ. ಹರಳಯ್ಯನ ಗವಿ ಮತ್ತು ಗವಾನನ ಮದರಸಾ ಎರಡೂ ತಮ್ಮವೆಂದು ಹಕ್ಕಿನಿಂದ ಹೇಳಬಲ್ಲವರು ಅವರೇ. ಅಷ್ಟೂರಿನ ಭಕ್ತರು ಶತಮಾನಗಳ ಹಿಂದೆಯೇ ಹೇಳಿಕೊಂಡ ಕಥೆಯನ್ನು ಅವರು ಕಾದಂಬರಿಯಾಗಿ ಬರೆಯಲಿ, ಮಠಗಳೂ ವಿಶ್ವವಿದ್ಯಾಲಯಗಳೂ ಅವರಿಗೆ ಪಾರಸಿ ಕಲಿಯುವ ಅನುಕೂಲ ಮಾಡಿಕೊಡಲಿ.